ತಲೆಯ ಮೇಲಿನ ಆಡಿನ ಹಿಂಡು

ನಾನು ಗಣಿತದ ಟೀಚರು. ಮೂವತ್ತು ವರ್ಷದಿಂದ ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ನಿಂತು, ಎಕ್ಸ್ ಅಂದರೆ ಎಷ್ಟು, ನೇರವಾಗಿ ಹೇಳು ಎಂದು ಮಕ್ಕಳ ಜೀವ ತಿನ್ನುತ್ತ ಬಂದಿದ್ದೇನೆ. ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೇವರು ಇದನ್ನು ಚೆನ್ನಾಗಿ ವಿಚಾರಿಸಿಕೊಂಡೇ ನನಗೆ ನಮ್ಮವ್ವನನ್ನು ಕೊಟ್ಟಿದ್ದಾನೆ.

ನಮ್ಮವ್ವ ಕುರುಗೋಡಿನವಳು. ತನ್ನ ಮೈಯಲ್ಲಿ ಏನು ಕೆಟ್ಟರೂ ಅದರ ಹೆಸರು ಹಿಡಿದು ಹೇಳುವವಳಲ್ಲ. ರೋಗದ ಹೆಸರು ಹೇಳಿದರೆ ಅದನ್ನು ಕರೆದ ಹಾಗೆ, ಕರೆದರೆ ಬಾರದಿರಲು ಅದೇನು ಬೀಗರೇ ಎಂಬುದು ಅವಳ ವಾದ. ಅವಳ ಅವ್ವನೂ ಹಾಗೇ ಇದ್ದಳು, ಅವರ ಓಣಿಯ ಹೆಂಗಸರೆಲ್ಲ ಹಾಗೇ ಇದ್ದರು. ಆದ್ದರಿಂದ ಅವ್ವನ ಮೈ ಅಂದರೆ ಒಂದು ಹಳೇ ಮಾಳಿಗೆ ಮನೆ. ಮೊಣಕಾಲು ಬಾಗಿಲಿನ ಕೀಲು, ಬೆನ್ನು ನಡುತೊಲೆ, ಹಲ್ಲು ಬೀಸುವ ಕಲ್ಲು, ಹೊಟ್ಟೆ ಒಲೆ. ಎಲ್ಲಿ ಏನು ರಿಪೇರಿ ಆಗಬೇಕೋ ಅದನ್ನು ಕೇಳಿದವರೇ ಲೆಕ್ಕ ಹಾಕಿಕೊಳ್ಳಬೇಕು.

ಒಮ್ಮೆ ಹೊಟ್ಟೆ ಕೆಟ್ಟಿತೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪಾಪ, ಮೈಸೂರು ಕಡೆಯ ಚಿಕ್ಕ ವಯಸ್ಸಿನ ಡಾಕ್ಟರು. ಏನು ತೊಂದರೆ ಅಮ್ಮ ಎಂದು ಕೇಳಿದರು.

"ಒಲಿ ಹತ್ತವಲ್ದು ನೋಡ್ರಿ," ಅಂದಳು ಅವ್ವ. "ಬರೇ ಹೊಗಿ. ಹಿತ್ತಲ ಬಾಗ್ಲಾ ತೆಗದು ಮೂರು ದಿನ ಆತು."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ತಾಳ್ಮೆಗೆಟ್ಟು, "ಗ್ಯಾಸು ಸಾರ್, ಮಲಬದ್ಧತೆ," ಎಂದು ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿಬಿಟ್ಟೆ. ಹೊರಗೆ ಕೂತಿದ್ದ ಹತ್ತು ಮಂದಿಗೂ ಕೇಳಿಸಿತು. ಅವ್ವ ಮನೆ ಮುಟ್ಟುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ಮುಟ್ಟಿದ ಮೇಲೆ, "ಊರಿಗೆಲ್ಲಾ ಡಂಗುರ ಸಾರಿದೆಲ್ಲಾ, ಈಗ ನಿನಗ ಸಮಾಧಾನ ಆತಿಲ್ಲೋ?" ಅಂದಳು.

ಕಂಟೋನ್ಮೆಂಟಿನಲ್ಲಿ ನಾವಿಬ್ಬರೇ ಬಾಡಿಗೆಗೆ ಇರುವ ಮನೆ ಒಬ್ಬ ರಿಟೈರ್ಡ್ ನರ್ಸಮ್ಮನದು. ಮುಂದಿನ ಬಂಗಲೆಯಲ್ಲಿ ಅವರು, ಹಿಂದಿನ ಎರಡು ಕೋಣೆಯಲ್ಲಿ ನಾವು. ಬಳ್ಳಾರಿಯ ಅರ್ಧ ಜನರನ್ನು ಹುಟ್ಟಿದ ಗಳಿಗೆಯಲ್ಲೇ ಹಿಡಿದು ಬೆನ್ನಿಗೆ ತಟ್ಟಿದವರಂತೆ ಅವರು. ಎಲ್ಲರೂ ಸಿಸ್ಟರಮ್ಮ ಎನ್ನುತ್ತಾರೆ. ದಿನಾ ಸಂಜೆ ಐದಕ್ಕೆ ವರಾಂಡದ ಕುರ್ಚಿಯಲ್ಲಿ ಕೂತು, ಕಪ್ಪು ರಟ್ಟಿನ ದಪ್ಪ ಬೈಬಲ್ಲು ತೆಗೆದು, ಒಂದು ಅಧ್ಯಾಯ ಗಟ್ಟಿಯಾಗಿ ಓದುವುದು ಅವರ ರೂಢಿ. ಅವ್ವ ಮೊದಲು ಒಳಗೇ ಇರುತ್ತಿದ್ದಳು. ಅವರ ದೇವರು ಅವರಿಗೆ, ನಮ್ಮ ಲಿಂಗ ನಮಗೆ ಎಂದು ಹೇಳುತ್ತ ಕಿಟಕಿಯ ಹತ್ತಿರವೇ ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ಒಂದು ವಾರಕ್ಕೆ ಹೊಸ್ತಿಲಿಗೆ ಬಂದಳು, ಎರಡು ವಾರಕ್ಕೆ ವರಾಂಡದ ಮೆಟ್ಟಿಲಿಗೆ. ಮೂರನೇ ವಾರ ಸಿಸ್ಟರಮ್ಮನ ಕುರ್ಚಿಯ ಪಕ್ಕ ಅವ್ವನದೂ ಒಂದು ಕುರ್ಚಿ ಬಿತ್ತು.

ಅವಳನ್ನು ಹಾಗೆ ಎಳೆದು ತಂದದ್ದು ಆ ಪುಸ್ತಕದ ನಡುವೆ ಇರುವ ಜ್ಞಾನದ ಮಾತುಗಳು. ಅಲ್ಲಿ ಯಾರೂ ನೇರವಾಗಿ ಮಾತಾಡುವುದಿಲ್ಲ ಎಂದು ನನಗೆ ಬೇಗನೆ ತಿಳಿಯಿತು. ಹೊಟ್ಟೆಕಿಚ್ಚು ಅಂದರೆ ಎಲುಬನ್ನು ಕೊಳೆಸುವ ರೋಗ. ನಗುವ ಮನಸ್ಸು ಅಂದರೆ ಔಷಧ. ಸೋಮಾರಿಗೆ ಇರುವೆಯೇ ಮೇಷ್ಟ್ರು. ಜಗಳಗಂಟಿ ಹೆಂಗಸು ಅಂದರೆ ಮಳೆ ಹಿಡಿದ ದಿನ ತೊಟ್ಟಿಕ್ಕುತ್ತಲೇ ಇರುವ ಮಾಳಿಗೆ. ಈ ಕೊನೆಯದನ್ನು ಕೇಳಿ ಅವ್ವ ನನ್ನ ಕಡೆ ಕೈ ಮಾಡಿ, "ನಿಮ್ಮ ಪುಸ್ತಕದಾಗ ನನ್ನ ಮಗಳ್ನೂ ಬರದಾರಲ್ರಿ," ಅಂದಳು. ಸಿಸ್ಟರಮ್ಮ ಇಲ್ಲ ಎನ್ನಬಹುದಿತ್ತು, ಅನ್ನಲಿಲ್ಲ.

ಆಮೇಲೆ ಪ್ರೀತಿಯ ಹಾಡಿನ ಭಾಗ ಬಂತು. ಅದರಲ್ಲಿ ಒಬ್ಬ ತನ್ನ ಹುಡುಗಿಯನ್ನು ಹೊಗಳುತ್ತಾನೆ. ಅವಳ ಕೂದಲು ಬೆಟ್ಟದಿಂದ ಇಳಿದು ಬರುವ ಆಡಿನ ಹಿಂಡಿನ ಹಾಗಿದೆಯಂತೆ. ನನಗೆ ತಡೆಯಲಾಗಲಿಲ್ಲ.

"ಆಡಿನ ಹಿಂಡು ತಲೆ ಮೇಲಿದ್ರೆ ಅದು ಹೊಗಳಿಕೆ ಹೆಂಗಾಗುತ್ತೆ ಸಿಸ್ಟರಮ್ಮ? ವಾಸನೆ ಬರೋದಿಲ್ವಾ?"

ಉತ್ತರ ಕೊಟ್ಟದ್ದು ಅವ್ವ. "ನೀ ಸುಮ್ನಿರಲೇ. ಕುರುಗೋಡು ಗುಡ್ಡದಾಗ ಸಂಜಿಮುಂದ ಆಡು ಇಳಿಯೋದು ನೀ ಯಾವಾಗ ನೋಡೀದಿ? ನಾ ಸಣ್ಣಾಕಿದ್ದಾಗ ಮಾಳಿಗಿ ಮ್ಯಾಲ ನಿಂತು ನೋಡ್ತಿದ್ದೆ. ಕರ್ರಗ, ನುಣ್ಣಗ, ಬಂಡಿಗಲ್ಲಿನ ನಡುವ ಹರಕೋಂತ ಬರ್ತಿದ್ದವು. ಇಡೀ ಗುಡ್ಡಕ್ಕ ಎಣ್ಣಿ ಹಚ್ಚಿ ಬಾಚಿದಂಗ ಕಾಣತಿತ್ತು. ಬರದಾತ ನೋಡ್ಯಾನ. ನೋಡದ ಬರದಿಲ್ಲ."

ಸಿಸ್ಟರಮ್ಮ ಪುಸ್ತಕ ಮಡಚಿ ಅವ್ವನನ್ನೇ ನೋಡುತ್ತ ಕೂತರು. ಐವತ್ತು ವರ್ಷದಿಂದ ಆ ಸಾಲು ಓದುತ್ತಿದ್ದರೂ ಅವರಿಗೂ ಅದು ಈಗಲೇ ಕಂಡಿತಂತೆ. ನನಗೆ ಮಾತ್ರ ಆಗಲೂ ಆಡು ಆಡಾಗಿಯೇ ಕಾಣುತ್ತಿತ್ತು.

ಮುಂದಿನ ಸಾಲಿನಲ್ಲಿ ಹುಡುಗಿಯ ಹಲ್ಲುಗಳಿಗೆ ಮೈ ತೊಳೆದ ಕುರಿಗಳ ಹೋಲಿಕೆ. ಒಂದೂ ತಪ್ಪಿಸಿಕೊಂಡಿಲ್ಲ, ಎಲ್ಲವೂ ಜೋಡಿ ಜೋಡಿ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನನ್ನ ಹಿಂಡಿನಾಗ ನಾಕ ಉಳದಾವ್ರಿ. ಅವೂ ಒಂದೊಂದು ಒಂದೊಂದು ದಿಕ್ಕಿಗೆ ಮೇಯ್ತಾವ." ಹೊಟ್ಟೆ ಗೋಧಿಯ ರಾಶಿ ಎಂದು ಬಂದಾಗ, ಇದು ಗೋಧಿ ಅಲ್ಲ, ಸಿರುಗುಪ್ಪದ ಭತ್ತದ ರಾಶಿ ಎಂದು ಇಬ್ಬರೂ ಸೇರಿ ನನ್ನ ಕಡೆ ತಿರುಗಿದರು. ನಾನು ಸೀರೆಯ ಸೆರಗು ಸರಿಮಾಡಿಕೊಂಡು ಉತ್ತರಪತ್ರಿಕೆ ತಿದ್ದುವವಳ ಹಾಗೆ ತಲೆ ತಗ್ಗಿಸಿದೆ.

ಮೂಗು ಗೋಪುರದ ಹಾಗಿದೆ ಎಂಬ ಸಾಲಿಗೆ ಸಿಸ್ಟರಮ್ಮನೇ ಸ್ವಲ್ಪ ತಡವರಿಸಿದರು. ಅವರದು ದೊಡ್ಡ ಮೂಗು, ಅದು ಅವರಿಗೂ ಗೊತ್ತು. ಅವ್ವ ಎರಡು ನಿಮಿಷ ತಡೆದುಕೊಂಡಳು. "ಹೇಳಲಿಲ್ಲಂದ್ರ ನನ್ನ ಹೊಟ್ಟಿ ಒಡದ ಹೋಗತೈತಿ ಸಿಸ್ಟರಮ್ಮ. ನಿಮ್ಮ ಮೂಗು ಬಳ್ಳಾರಿ ಗುಡ್ಡ ಇದ್ದಂಗ. ಯಾವ ಓಣ್ಯಾಗ ನಿಂತ್ರೂ ಕಾಣ್ತೈತಿ." ಸಿಸ್ಟರಮ್ಮ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವತ್ತಿನಿಂದ ಅವರಿಬ್ಬರೂ ಜೀವದ ಗೆಳತಿಯರು.

ಒಂದು ಸಂಜೆ ಮುಪ್ಪಿನ ಬಗೆಗಿನ ಅಧ್ಯಾಯ ಬಂತು. ಅದನ್ನಂತೂ ಪೂರ್ತಿ ಒಗಟಿನ ಹಾಗೆ ಹೆಣೆದಿದ್ದಾರೆ. ಸಿಸ್ಟರಮ್ಮ ಒಂದೊಂದೇ ಸಾಲು ಓದಿ ನಿಲ್ಲಿಸುವುದು, ಅವ್ವ ಬಿಡಿಸುವುದು. ಬೆಡಗಿನ ವಚನ ಕೇಳಿಕೊಂಡೇ ಬೆಳೆದವಳಿಗೆ ಇದು ಹುರಿಗಡಲೆ ತಿಂದಷ್ಟು ಸಲೀಸು. ಮನೆ ಕಾಯುವವರು ನಡುಗುತ್ತಾರೆ ಎಂದರೆ ಕೈ ಅಂದಳು. ಗಟ್ಟಿಮುಟ್ಟಾದ ಆಳುಗಳು ಬಗ್ಗಿಹೋಗುತ್ತಾರೆ ಎಂದರೆ ಕಾಲು ಅಂದಳು. ಬೀಸುವವರು ಕಡಿಮೆಯಾಗಿ ಕೆಲಸ ನಿಂತಿದೆ ಎಂದಾಗ, "ಹಲ್ಲು. ಅದು ನಂದ ಮಾತು, ಆತಗ ಯಾರ ಹೇಳಿದ್ರು?" ಎಂದು ಜಗಳಕ್ಕೇ ನಿಂತಳು.

ಸಿಸ್ಟರಮ್ಮ ಮುಂದಿನದನ್ನು ಓದಿದರು. ಕಿಟಕಿಯಿಂದ ನೋಡುವವರಿಗೆ ಮಬ್ಬು ಕವಿಯುತ್ತದೆ ಎಂದು.

"ಹಾಲು ಉಕ್ಕತೈತಿ," ಎಂದು ಅವ್ವ ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಅವತ್ತು ನಮ್ಮ ಮನೆಗೆ ಹಾಲು ಬಂದೇ ಇರಲಿಲ್ಲ. ನನಗೆ ಅದು ನೆನಪಿತ್ತು, ಆದರೆ ವಿಚಾರಿಸಲು ಹೋಗಲಿಲ್ಲ.

ಅವಳು ತಿರುಗಿ ಬಂದಾಗ ಪುಸ್ತಕದಲ್ಲಿ ಬಾದಾಮಿ ಗಿಡ ಹೂ ಬಿಟ್ಟಿತ್ತು. ನಮ್ಮ ಮೂವರಲ್ಲಿ ಯಾರೂ ಬಾದಾಮಿ ಗಿಡ ಹೂ ಬಿಟ್ಟದ್ದನ್ನು ನೋಡಿದವರಲ್ಲ. ಹೂ ಬೆಳ್ಳಗಿರುತ್ತದಂತೆ ಎಂದರು ಸಿಸ್ಟರಮ್ಮ.

"ಹಂಗಾದ್ರ ತಲಿ," ಅಂದಳು ಅವ್ವ. "ನಮ್ಮ ಕಡೇರು ಬರದಿದ್ರ ಹತ್ತಿ ಒಡದೈತಿ ಅಂತ ಬರೀತಿದ್ರು. ನಿಮ್ಮದು, ನಂದು ಎರಡೂ ಹತ್ತಿ ಹೊಲ. ನನ್ನ ಮಗಳದು ನೋಡ್ರಿ, ಇನ್ನಾ ಎರಿ ಹೊಲ ಇದ್ದಂಗ ಐತಿ, ಕರ್ರಗ."

ನಾನು ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟು ಎರಡು ವರ್ಷವಾಗಿತ್ತು, ತಲೆಗೆ ತುರಿಕೆ ಆಗುತ್ತದೆಂದು. ಹೆತ್ತವಳಿಗೆ ಹೆಗ್ಗಣ ಮುದ್ದು ಅಂದುಕೊಂಡು ಒಳಗೊಳಗೇ ಹಿಗ್ಗಿದೆ. ಸಿಸ್ಟರಮ್ಮ ಮಾತ್ರ ನನ್ನ ತಲೆಯನ್ನೊಮ್ಮೆ, ಅವ್ವನ ಮುಖವನ್ನೊಮ್ಮೆ ನೋಡಿದರು.

ಅದೇ ವಾರ ನಮ್ಮ ಅನ್ನದಲ್ಲಿ ಕಲ್ಲು ಶುರುವಾದವು. ಸೋಮವಾರ ಒಂದು, ಮಂಗಳವಾರ ಎರಡು. ಬುಧವಾರ ಕಟಕ್ ಎಂದು ನನ್ನ ದವಡೆ ಹಲ್ಲೇ ಅರ್ಧ ಮುರಿಯಿತು. ನಮ್ಮ ಅಕ್ಕಿ ಅಂಗಡಿಯದಲ್ಲ. ಸಿರುಗುಪ್ಪದ ಹತ್ತಿರ ಹಚ್ಚೊಳ್ಳಿಯಲ್ಲಿರುವ ಚಿಕ್ಕವ್ವ, ಅಂದರೆ ಅವ್ವನ ತಂಗಿ, ಕಾಲುವೆ ನೀರಿನ ತಮ್ಮ ಗದ್ದೆಯದನ್ನು ವರ್ಷಕ್ಕೊಮ್ಮೆ ಕಳಿಸುತ್ತಾಳೆ. ಮುರಿದ ಹಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅವಳಿಗೆ ಫೋನು ಮಾಡಿದೆ. ಇದು ಅಕ್ಕಿಯೋ ಜಲ್ಲಿಯೋ ಎಂದು ಕೇಳಿದೆ.

ಚಿಕ್ಕವ್ವನೂ ನಮ್ಮ ವಂಶದವಳೇ. "ಕಲ್ಲಿಲ್ಲಂತ ನಾ ಅಂದೀನೇನು? ಹೊಲದಾಗ ಬೆಳದಿದ್ದು, ಒಂದೆರಡು ಇರ್ತಾವ. ಅದಕ್ಕ ಆರ್ಸಿ ಉಣಬೇಕು. ನಿಮ್ಮವ್ವ ಅಕ್ಕಿ ಆರ್ಸೋದ್ರಾಗ ಎತ್ತಿದ ಕೈ, ಆಕಿ ಕಣ್ಣಿಗೆ ನೊಣದ ಕಾಲೂ ತಪ್ಪತಿದ್ದಿಲ್ಲ. ಆಕಿ ಏನ ಮಾಡಾಕತ್ತಾಳ?" ಎಂದಳು. ನಾನು ಸಿಟ್ಟಿನಲ್ಲಿ ಫೋನು ಇಟ್ಟುಬಿಟ್ಟೆ.

ಕೆನ್ನೆ ಹಿಡಿದುಕೊಂಡು ಲವಂಗ ಕೇಳಲು ಸಿಸ್ಟರಮ್ಮನ ಹತ್ತಿರ ಹೋದೆ. ನಡೆದದ್ದನ್ನೆಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು.

"ಅಕ್ಕಿ ದಿನಾ ಆರಿಸೋದು ನಿಮ್ಮವ್ವನೇ ಅಲ್ಲೇನಮ್ಮ?"

"ಹೌದು."

"ಅವ್ರು ಮೈಯಾಗಿಂದು ಎಲ್ಲಾದಕ್ಕೂ ಒಂದೊಂದು ಹೋಲಿಕಿ ಇಟ್ಕಂಡಾರ. ಕಾಲಿಗೆ ಕೀಲು, ಹಲ್ಲಿಗೆ ಕಲ್ಲು, ಹೊಟ್ಟಿಗೆ ಒಲಿ. ಕಣ್ಣಿಗೆ ಏನ್ ಹೇಳ್ತಾರ?"

ನಾನು ನೆನಪು ಮಾಡಿಕೊಂಡೆ. ಕಣ್ಣಿಗೆ ಅವಳು ಯಾವತ್ತೂ ಏನೂ ಹೇಳಿರಲಿಲ್ಲ.

"ಕಿಟಕಿ ಸಾಲು ಬಂದಾಗ ಎದ್ದು ಹೋದ್ರಲ್ಲ, ಅವತ್ತೇ ನನಗ ಅನುಮಾನ ಬಂತು," ಎಂದರು ಸಿಸ್ಟರಮ್ಮ. "ಸಣ್ಣಪುಟ್ಟ ನೋವಿಗೆಲ್ಲಾ ಹೋಲಿಕಿ ಹುಡುಕ್ತಾರಮ್ಮ. ದೊಡ್ಡ ಹೆದ್ರಿಕಿಗೆ ಅದನ್ನೂ ಹುಡುಕಂಗಿಲ್ಲ."

ಮೂವತ್ತು ವರ್ಷ ಮಕ್ಕಳಿಗೆ ಬಿಟ್ಟ ಸ್ಥಳ ತುಂಬಿರಿ ಎಂದವಳಿಗೆ ಮನೆಯಲ್ಲೇ ಇದ್ದ ಬಿಟ್ಟ ಸ್ಥಳ ಕಾಣಲಿಲ್ಲ. ನನಗೆ ನನ್ನ ಮೇಲೆಯೇ ವಿಪರೀತ ಸಿಟ್ಟು ಬಂತು. ರೂಢಿಯ ಪ್ರಕಾರ ಅದನ್ನು ಅವ್ವನ ಮೇಲೆ ತೀರಿಸಿಕೊಳ್ಳಲು ಹೋದೆ.

"ನಿನ್ನ ಕಣ್ಣು ಕಾಣ್ತಾವೋ ಇಲ್ಲೋ? ನೇರಾಗಿ ಹೇಳು."

"ನನ್ನ ಕಣ್ಣಿಗೇನಾಗೈತಿ? ಚಂದ ಅದಾವ."

"ಹಂಗಾದ್ರ ಇದು ಎಷ್ಟು ಬೆರಳು?"

"ಟೀಚರಮ್ಮ, ನಿನ್ನ ಲೆಕ್ಕ ನೀನ ಮಾಡ್ಕ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೊತ್ತುಕೊಂಡಾದರೂ ಹೋಗುತ್ತೇನೆ ಎಂದು ಅವಳ ಬೆನ್ನಿಗೆ ಹೇಳಿದೆ.

ಮರುದಿನ ಸ್ಕೂಲಿನಿಂದ ಬೇಗ ಬಂದು ಕರೆದುಕೊಂಡು ಹೋಗಬೇಕೆಂದಿದ್ದೆ. ಹನ್ನೊಂದು ಗಂಟೆಗೆ ಸ್ಟಾಫ್ ರೂಮಿನಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅವ್ವನ ದನಿ.

"ನಾ ತಂಗಿ ಊರಿಗೆ ಹೊಂಟೀನಿ. ಸಿರುಗುಪ್ಪಕ್ಕ ಬಂದು ಮುಟ್ಟೀನಿ. ಹಚ್ಚೊಳ್ಳಿ ಬಸ್ಸಿಗೆ ಕುಂತೀನಿ. ನನ್ನ ಹುಡುಕಬ್ಯಾಡ." ಮತ್ತೆ ಹೇಳಿದಳು. "ಏನ್ ಊರಾತಲೇ ಇದು, ಸಿರುಗುಪ್ಪ. ಭಾಳ ಸೊರಗೈತಿ. ಬಸ್‌ಸ್ಟ್ಯಾಂಡೂ ಸಣ್ಣದು ಮಾಡಿ ಬಿಟ್ಟಾರ."

ಅವಳ ಹಿಂದಿನಿಂದ ಯಾರೋ ಗಂಡಸು, "ಅಜ್ಜೀ, ಇದು ರೂಪನಗುಡಿ," ಎನ್ನುವುದು ಕೇಳಿಸಿತು.

ಅವ್ವ ದನಿ ಇಳಿಸಿ, "ಇಲ್ಲಿ ಮಂದಿಗೆ ತಮ್ಮೂರ ಹೆಸರ ಗೊತ್ತಿಲ್ಲ," ಅಂದಳು.

ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಅವ್ವನಿಗೆ ಬೋರ್ಡು ಓದಲು ಆಗಿಲ್ಲ. ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಕಣ್ಣು ಕಾಣುವುದಿಲ್ಲ ಎಂದು ಒಪ್ಪಿಕೊಂಡ ಹಾಗಲ್ಲವೇ, ಅದಕ್ಕೆ ಕೇಳಿಲ್ಲ. ಬಾಗಿಲು ತೆರೆದಿದ್ದ ಬಸ್ಸು ಹತ್ತಿ ಕೂತಿದ್ದಾಳೆ. ಕಂಡಕ್ಟರು ಎಲ್ಲಿಗೆ ಎಂದರೆ ಗತ್ತಿನಿಂದ ಕೊನೇ ಸ್ಟಾಪು ಎಂದಿದ್ದಾಳೆ. ಕೊನೇ ಸ್ಟಾಪು ರೂಪನಗುಡಿಯಾಗಿತ್ತು.

ನಾನು, ಸಿಸ್ಟರಮ್ಮ ಆಟೋ ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ಬೈಗುಳವನ್ನು ಜೋಡಿಸಿ ಇಟ್ಟುಕೊಂಡಿದ್ದೆ. ಅವ್ವ ಬಸ್ಸು ನಿಲ್ಲುವಲ್ಲಿನ ಹೋಟೆಲಿನ ಬೆಂಚಿನ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತ ಕೂತಿದ್ದಳು. ನಾವು ನಾಲ್ಕು ಮಾರು ಹತ್ತಿರ ಬಂದರೂ ಗುರುತು ಹಿಡಿಯಲಿಲ್ಲ. ನಾನು ಕೆಮ್ಮಿದ ಮೇಲೆ ಮುಖ ಎತ್ತಿದಳು. ಜೋಡಿಸಿಟ್ಟ ಬೈಗುಳವನ್ನೆಲ್ಲ ಬಿಟ್ಟು ಅವಳ ತೊಡೆಯ ಮೇಲಿನ ಬ್ಯಾಗನ್ನು ಎತ್ತಿಕೊಂಡೆ. ಸಿಸ್ಟರಮ್ಮ ಪಕ್ಕದಲ್ಲಿ ಕೂತು ಅವಳ ತಟ್ಟೆಯಿಂದ ಒಂದು ಮಿರ್ಚಿ ತೆಗೆದುಕೊಂಡು, "ನಾಳೆ ಹೋಗಿ ತೋರ್ಸಿಕಂಡು ಬರೋಣ್ರಿ, ನಾನೂ ಬರ್ತೀನಿ," ಎಂದರು. ಅವ್ವ ಹೂಂ ಎಂದಳು, ಅಷ್ಟೇ.

ಕಣ್ಣಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಎರಡೂ ಕಣ್ಣಿಗೆ ಪೊರೆ ಬಂದು ಪೂರ್ತಿ ಬಲಿತಿದೆ, ಇನ್ನೂ ತಡ ಮಾಡಿದ್ದರೆ ನನ್ನಿಂದಲೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು. ಮೊದಲು ಬಲಗಣ್ಣು, ಮುಂದಿನ ವಾರವೇ ಆಪರೇಷನ್ ಎಂದು ಗೊತ್ತಾಯಿತು.

ಆ ದಿನ ಅವ್ವನಿಗೆ ಹಸಿರು ನಿಲುವಂಗಿ ತೊಡಿಸಿ, ತಲೆಗೆ ಟೋಪಿ ಹಾಕಿ ಗಾಲಿಕುರ್ಚಿಯಲ್ಲಿ ಕೂರಿಸಿದರು. ಮೈಮೇಲಿನದೆಲ್ಲ ತೆಗೆದುಕೊಡಿ ಎಂದಾಗ ಅವ್ವ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಸಿಸ್ಟರಮ್ಮ ಅಲ್ಲಿನ ಹುಡುಗಿಯರನ್ನು ಗದರಿಸಿ, ಗಾಯಕ್ಕೆ ಕಟ್ಟುವ ಬಟ್ಟೆ ತರಿಸಿ, ಲಿಂಗವನ್ನು ಅದರಲ್ಲಿ ಸುತ್ತಿ ಅವ್ವನ ರಟ್ಟೆಗೆ ತಾವೇ ಕಟ್ಟಿದರು. ನಾನು ಏನಾದರೂ ಮಾತಾಡಬೇಕಲ್ಲ ಎಂದು, ಆ ಟೋಪಿಯಲ್ಲಿ ನೀನು ಇಡ್ಲಿ ಇದ್ದ ಹಾಗೆ ಇದ್ದೀ ಎಂದೆ. ಅವ್ವ ನಗಲಿಲ್ಲ. ಗಾಳಿಯಲ್ಲಿ ಹುಡುಕಿ ನನ್ನ ಕೈ ಹಿಡಿದುಕೊಂಡಳು.

"ನನಗ ಕಣ್ಣು ಕಾಣಂಗಿಲ್ಲ," ಅಂದಳು. "ಎರಡ ವರ್ಷ ಆತು. ಹೆದ್ರಿಕಿ ಆಗಾಕತ್ತೈತಿ."

ಮನೆ ಇಲ್ಲ, ಕೀಲಿಲ್ಲ, ಒಲೆ ಇಲ್ಲ. ಹುಟ್ಟಿದಾಗಿನಿಂದ ನಾನು ಅವಳಿಂದ ಕೇಳಬೇಕೆಂದಿದ್ದ ನೇರವಾದ ಮಾತು ಅದು. ಕೊನೆಗೂ ಸಿಕ್ಕಿತು, ಸಿಕ್ಕಿದ ಮೇಲೆ ನನ್ನಿಂದ ಅದನ್ನು ತಡೆದುಕೊಳ್ಳಲಾಗಲಿಲ್ಲ. ನನ್ನ ಬಾಯಿಂದ ಏನು ಬರುತ್ತಿದೆ ಎಂದು ನನಗೇ ತಿಳಿಯುವ ಮೊದಲು ಮಾತು ಹೊರಗೆ ಬಂದಿತ್ತು.

"ಏನಿಲ್ಲಬೇ. ಬೆಳಕಿಂಡಿ ಗಾಜಿಗೆ ಮಸಿ ಹಿಡದೈತಿ. ಮಾಳಿಗಿ ಏರಿ ಒರಸ್ತಾರ, ಅಷ್ಟ."

"ಗಾಜು ಒಡಿಯಂಗಿಲ್ಲೇನು?"

"ಒಡಿಯಂಗಿಲ್ಲ. ಡಾಕ್ಟರಮ್ಮ ಚೊಲೋ ಮೇಸ್ತ್ರಿ."

"ಮ್ಯಾಲ ಮೆಲ್ಲಕ ಅಡ್ಡಾಡಾಕ ಹೇಳು," ಎಂದು ನನ್ನ ಕೈ ಬಿಟ್ಟಳು. ಕುರ್ಚಿ ಒಳಗೆ ಹೋಯಿತು. ಸಿಸ್ಟರಮ್ಮ ನನ್ನ ಕಡೆ ನೋಡಲಿಲ್ಲ, ಕರವಸ್ತ್ರ ಮಾತ್ರ ಕೊಟ್ಟರು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಅವ್ವ ಎರಡು ಮೂರು ಸಲ ರೆಪ್ಪೆ ಬಡಿದು ಎದುರಿಗೆ ನಿಂತಿದ್ದ ಸಿಸ್ಟರಮ್ಮನನ್ನು ನೆಟ್ಟಗೆ ನೋಡಿದಳು. "ಅಯ್ಯ, ತಪ್ಪಾತ್ರಿ ಸಿಸ್ಟರಮ್ಮ," ಅಂದಳು. "ಅಷ್ಟೇನ ದೊಡ್ಡದಿಲ್ಲ ಬಿಡ್ರಿ ನಿಮ್ಮ ಮೂಗು." ಡಾಕ್ಟರಮ್ಮನಿಗೆ ಏನೂ ತಿಳಿಯದಿದ್ದರೂ ಎಲ್ಲರ ಜೊತೆ ಅವರೂ ನಕ್ಕರು.

ನಾನು ಕೆಳಗೆ ಕುಕ್ಕರಗಾಲಲ್ಲಿ ಕೂತು ಅವ್ವನ ಕಾಲಿಗೆ ಚಪ್ಪಲಿ ಹಾಕುತ್ತಿದ್ದೆ. ನಗು ನಿಂತಿತು. ಮೇಲೆ ನೋಡಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಕೈ ಚಾಚಿ ನನ್ನ ಬೈತಲೆ ಮುಟ್ಟಿದಳು.

"ಲೇ, ನಿನ್ನ ಹೊಲದಾಗ ಹತ್ತಿ ಯಾವಾಗ ಒಡೀತು?"

"ಎರಡು ವರ್ಷ ಆತುಬೇ."

"ಮತ್ತ ನನಗ ಹೇಳಲಿಲ್ಲಲ್ಲ."

"ನೀನ ಅಂತಿದ್ದೆಲ್ಲ, ಹೆಸರು ಹೇಳಿದ್ರ ಕರದಂಗ ಅಂತ."

ಡಾಕ್ಟರಮ್ಮ ಮುಂದಿನ ಪೇಷಂಟನ್ನು ಕರೆಯಲು ಗಂಟೆ ಒತ್ತಿದರು. ಅವ್ವ ಏಳಲಿಲ್ಲ. ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಅಕ್ಕಿ ಆರಿಸುವಾಗ ಮಾಡುತ್ತಿದ್ದ ಹಾಗೆಯೇ ಒಂದು ಬೆರಳಿನಿಂದ ಬಿಳಿ ಕೂದಲನ್ನು ಒಂದೊಂದಾಗಿ ಬೇರೆ ಮಾಡಿ ನೋಡತೊಡಗಿದಳು.